ವಿಂಡೋ ಮಿನಿಮೈಸ್ ಮಾಡಿದರೆ ಅಂಟಿಗೆ ಬಾಲ: ಡೆಸ್ಕ್‌ಟಾಪ್ ಪಿಸಿಯಲ್ಲಿ ರಿಯಲ್‌ಟೈಮ್ ಕೆಲಸ ಇಡುವ ಮುಂಚೆ ಓದಿ

ಯಂತ್ರ ಓಡಿಸುವ ಪ್ರೋಗ್ರಾಮು (ಹೇಳಿದ ಹೊತ್ತಿಗೆ ತಪ್ಪದೆ ಆಗಲೇಬೇಕಾದ ರಿಯಲ್‌ಟೈಮ್ ಕೆಲಸ), ಅದರ ಪರದೆ ಎರಡನ್ನೂ ಒಂದೇ ಡೆಸ್ಕ್‌ಟಾಪ್ ಪಿಸಿಯಲ್ಲಿ ಇಟ್ಟು ಮುಗಿಸಿಬಿಡೋಣ ಅಂತ ಇದ್ದೀರಾ? ಸ್ವಲ್ಪ ತಡೆಯಿರಿ. ನಾನು ಹಾಗೇ ಮಾಡಿದೆ. ಆಮೇಲೆ ಏಳು ವಾರ ತಪ್ಪು ಜಾಗದಲ್ಲಿ ತಪ್ಪು ಹುಡುಕುತ್ತಾ ಕೂತೆ.

ಕೆಲಸ ಕೇಳೋಕೆ ಸುಲಭದ್ದೇ. ಲೋಹದ ಮುಚ್ಚಳದ ಅಂಚಿನುದ್ದಕ್ಕೂ ಅಂಟಿನ ಗೆರೆ ಎಳೆಯುವ ಯಂತ್ರ. ಎರಡು ಆಕ್ಸಿಸ್, ಒಂದು ನಾಜಲ್, ಅದಕ್ಕೊಂದು ವಾಲ್ವ್. ನಾಜಲ್ ಸಾಗುವ ದಾರಿಯನ್ನು ಮೋಟರ್ ನಡೆಸುವ ಸರ್ವೋ ಡ್ರೈವ್‌ಗಳೇ ನೋಡಿಕೊಳ್ಳುತ್ತಿದ್ದವು. ಪಿಸಿಗೆ ಉಳಿದದ್ದು ಇಷ್ಟೇ: 1 ಮಿಲಿಸೆಕೆಂಡಿಗೊಮ್ಮೆ ನಾಜಲ್ ಎಲ್ಲಿದೆ ಅಂತ ಕೇಳಬೇಕು, ಗೆರೆ ಶುರುವಾಗುವ ಜಾಗ ಬಂದಾಗ ವಾಲ್ವ್ ತೆರೆಯಬೇಕು, ಮುಗಿಯುವ ಜಾಗ ಬಂದಾಗ ಮುಚ್ಚಬೇಕು. ನಾಜಲ್ ವೇಗ ಸೆಕೆಂಡಿಗೆ 200 ಮಿಲಿಮೀಟರ್. ಅಂದರೆ 1 ಮಿಲಿಸೆಕೆಂಡ್ ತಡವಾದರೆ ಅಂಟು 0.2 ಮಿಲಿಮೀಟರ್ ಆಚೆ ಹೋಗುತ್ತದೆ. ಅರ್ಧ ಮಿಲಿಮೀಟರ್ ತನಕ ಆಚೀಚೆಯಾದರೆ ಪರವಾಗಿಲ್ಲ ಎಂದು ಯಂತ್ರ ಕೊಂಡವರು ಒಪ್ಪಿದ್ದರು. ಇಷ್ಟಕ್ಕೆ ಬೇರೆ ಕಂಟ್ರೋಲರ್ ಯಾಕೆ, ಸುಮ್ನೆ ಖರ್ಚು ಅಂತ ನಾನೇ ವಾದ ಮಾಡಿದ್ದೆ.

ಪಿಸಿಯಲ್ಲಿ ಇದ್ದದ್ದು ವಿಂಡೋಸ್ 11. ಅದರ ಗಡಿಯಾರದ ಟಿಕ್ ಡಿಫಾಲ್ಟ್ ಆಗಿ ಸೆಕೆಂಡಿಗೆ 64 ಸಲ, ಅಂದರೆ 15.6 ಮಿಲಿಸೆಕೆಂಡಿಗೊಮ್ಮೆ. ಪ್ರೋಗ್ರಾಮಿಗೆ 1 ಮಿಲಿಸೆಕೆಂಡ್ ಮಲಗು (ಸ್ಲೀಪ್ 1) ಅಂದರೂ ಮುಂದಿನ ಟಿಕ್ ಬರುವವರೆಗೆ ಏಳುವುದಿಲ್ಲ. ಇದು ಹಳೇ ಕತೆ, ನನಗೂ ಗೊತ್ತಿತ್ತು. ಎಲ್ಲರೂ ಮಾಡುವಂತೆ ಟೈಮ್‌ಬಿಗಿನ್‌ಪೀರಿಯಡ್ ಕರೆದು ಟಿಕ್ಕನ್ನು 1 ಮಿಲಿಸೆಕೆಂಡಿಗೆ ಇಳಿಸಿದೆ. ಈ ಕೇಳುವ ಲೂಪ್ ಓಡುವ ಥ್ರೆಡ್‌ಗೆ (ಪ್ರೋಗ್ರಾಮಿನೊಳಗೆ ಬೇರೆಯಾಗಿ ಓಡುವ ಎಳೆ) ರಿಯಲ್‌ಟೈಮ್ ವರ್ಗದ ಅತಿ ಮೇಲಿನ ಆದ್ಯತೆ, 31, ಕೊಟ್ಟೆ. ಲೂಪಿನ ಗ್ರಾಫ್ ತೆರೆದು ನಾಲ್ಕು ದಿನ ನೋಡಿದೆ. 1 ಮಿಲಿಸೆಕೆಂಡಿನ ಮೇಲೆ ನೇರ ಗೆರೆ. ಖುಷಿಯಾಗಿ ಯಂತ್ರ ಕಳಿಸಿದೆವು.

ಎರಡನೇ ವಾರ ಫೋಟೋ ಬಂತು. ಮುಚ್ಚಳದ ಮೇಲೆ ಅಂಟಿನ ಗೆರೆ ಮುಗಿದ ಮೇಲೂ ಒಂದು ಸಣ್ಣ ಬಾಲ. ಗೆರೆ ಶುರುವಾಗುವ ಕಡೆ ಅಷ್ಟೇ ಉದ್ದದ ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ಸೋರಿಕೆ. ಎಲ್ಲ ಮುಚ್ಚಳಕ್ಕೂ ಅಲ್ಲ. ಒಂದೊಂದು ಹೊತ್ತು ಸಾಲಾಗಿ ಇಪ್ಪತ್ತು ಮೂವತ್ತು ಹಾಳು, ಆಮೇಲೆ ತಾನಾಗಿ ಸರಿ.

ನಾವು ಅಂಟನ್ನು ಬೈದೆವು. ಗಟ್ಟಿಯಾಗಿದೆ ಅಂದೆವು, ಬಿಸಿ ಮಾಡಿಸಿದೆವು. ಗಾಳಿಯ ಒತ್ತಡ ಏರುಪೇರು ಅಂದೆವು, ರೆಗ್ಯುಲೇಟರ್ ಬದಲಾಯಿಸಿದೆವು. ವಾಲ್ವನ್ನಂತೂ ಎರಡು ಸಲ ಬದಲಾಯಿಸಿದೆವು. ಸಾಫ್ಟ್‌ವೇರ್ ಮೇಲೆ ಅನುಮಾನವೇ ಬರಲಿಲ್ಲ. ನನ್ನ ಗ್ರಾಫ್ ನೇರವಾಗಿತ್ತಲ್ಲ! ನಾನು ಖುದ್ದು ಹೋಗಿ ಯಂತ್ರದ ಮುಂದೆ ಒಂದಿಡೀ ದಿನ ಕೂತೆ. ಒಂದೂ ಬಾಲ ಬರಲಿಲ್ಲ. ವಾಪಸ್ ಬಂದ ಮಾರನೇ ದಿನವೇ ಮತ್ತೆ ಫೋಟೋ.

ದಾರಿ ತೋರಿಸಿದ್ದು ಒಂದು ವರ್ನಿಯರ್ ಕ್ಯಾಲಿಪರ್. ಹಾಳಾದ ಮುಚ್ಚಳಗಳ ಒಂದು ಪೆಟ್ಟಿಗೆ ತರಿಸಿಕೊಂಡಿದ್ದೆವು. ಜೊತೆಗಿದ್ದ ಹುಡುಗನೊಬ್ಬ ಬೇಜಾರಿಗೆ ಬಾಲಗಳನ್ನು ಅಳೆಯುತ್ತಾ ಕೂತಿದ್ದ. 0.8, 2.4, 1.9, 3.1, 2.7. ಅರವತ್ತು ಮುಚ್ಚಳ ಅಳೆದರೂ 3.1 ದಾಟಿದ್ದು ಒಂದೂ ಇಲ್ಲ. ಅಂಟು ಗಟ್ಟಿಯಾದರೆ, ಗಾಳಿ ಏರುಪೇರಾದರೆ ಹೀಗೆ ಗೆರೆ ಎಳೆದಂತೆ ಒಂದು ಕಡೆ ನಿಲ್ಲುತ್ತದಾ? 3.1 ಮಿಲಿಮೀಟರನ್ನು 200ರಿಂದ ಭಾಗಿಸಿದೆ. 15.5 ಮಿಲಿಸೆಕೆಂಡ್. ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಯಿತು.

ಟಿಕ್ ಹಳೇ ಲೆಕ್ಕಕ್ಕೆ ಮರಳಿತ್ತು. ಯಾಕೆ ಅಂತ ದಾಖಲೆ ಓದಿದಾಗ ಗೊತ್ತಾಯಿತು. ವಿಂಡೋಸ್ 11ರಲ್ಲಿ ಪ್ರೋಗ್ರಾಮಿನ ವಿಂಡೋ ಮಿನಿಮೈಸ್ ಆದರೆ, ಅಥವಾ ಬೇರೆ ವಿಂಡೋ ಅದನ್ನು ಪೂರ್ತಿ ಮುಚ್ಚಿಬಿಟ್ಟರೆ, ನೀವು ಕೇಳಿದ ಸೂಕ್ಷ್ಮ ಟಿಕ್ಕನ್ನು ಕೊಟ್ಟೇ ಕೊಡುತ್ತೇನೆ ಅನ್ನುವ ಮಾತು ಇಲ್ಲ. ಬ್ಯಾಟರಿ ಉಳಿಸಲು ಮಾಡಿದ ವ್ಯವಸ್ಥೆ. ಮೈಕ್ರೋಸಾಫ್ಟ್ ಇದನ್ನು ಸ್ಪಷ್ಟವಾಗೇ ಬರೆದಿದೆ, ಓದದೆ ಇದ್ದವನು ನಾನು. ಅಲ್ಲಿನ ಆಪರೇಟರ್ ಮುಂದಿನ ಬ್ಯಾಚಿನ ಪಟ್ಟಿ ನೋಡಲು ನಮ್ಮ ವಿಂಡೋ ಮಿನಿಮೈಸ್ ಮಾಡುತ್ತಿದ್ದರು. ಪಟ್ಟಿ ತೆರೆದಿರುವಷ್ಟು ಹೊತ್ತು ಬಾಲ. ನಾನು ಕೂತ ದಿನ ನನ್ನ ಗ್ರಾಫ್ ಪರದೆ ತುಂಬಾ ತೆರೆದಿತ್ತು. ನಾನು ಕಣ್ಣಿಟ್ಟಿರುವಷ್ಟು ಹೊತ್ತು ಅದು ಸರಿಯಾಗಿರುತ್ತಿತ್ತು, ಅಷ್ಟೇ.

(ಇದರ ಅಣ್ಣನಂಥ ತೊಂದರೆ ಹಳೇ ವಿಂಡೋಸ್‌ನಲ್ಲೂ ಇತ್ತು. ವಿಂಡೋಸ್ 10ರ 2004 ಆವೃತ್ತಿಗೆ ಮುಂಚೆ ಯಾವುದೋ ಒಂದು ಪ್ರೋಗ್ರಾಮ್ ಟಿಕ್ ಇಳಿಸಿದರೆ ಇಡೀ ಸಿಸ್ಟಮ್‌ಗೆ ಇಳಿಯುತ್ತಿತ್ತು. ಎಷ್ಟೋ ಪ್ರೋಗ್ರಾಮ್‌ಗಳು ಪಕ್ಕದಲ್ಲಿ ತೆರೆದಿದ್ದ ಬ್ರೌಸರಿನ ಋಣದಲ್ಲಿ ಓಡುತ್ತಿದ್ದವು. ಬ್ರೌಸರ್ ಇಲ್ಲದ ಪಿಸಿಗೆ ಹೋದಾಗ ಬಣ್ಣ ಬಯಲು.)

ಮಿನಿಮೈಸ್ ಆದರೂ ನನ್ನ ಟಿಕ್ ಮುಟ್ಟಬೇಡ ಅಂತ ಸಿಸ್ಟಮ್‌ಗೆ ಹೇಳಲು ಒಂದು ಕರೆ ಇದೆ. ಅದನ್ನು ಸೇರಿಸಿ ಕಳಿಸುವ ತನಕ ಮಾನಿಟರಿನ ಅಂಚಿಗೆ ಚೀಟಿ ಅಂಟಿಸಿಸಿದೆವು: "ಈ ವಿಂಡೋ ಮಿನಿಮೈಸ್ ಮಾಡಬೇಡಿ." ಆಮೇಲೆ ಸಾಲಾಗಿ ಬರುತ್ತಿದ್ದ ಬಾಲಗಳು ನಿಂತವು.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಎರಡು ಮೂರು ದಿನಕ್ಕೆ ಒಂದು ಒಂಟಿ ಮುಚ್ಚಳ, 1 ಮಿಲಿಮೀಟರಿನ ಬಾಲದೊಂದಿಗೆ. ಈ ಸಲ ಕಾರಣ ಡ್ರೈವರ್‌ಗಳು, ಅಂದರೆ ವೈಫೈನಂಥ ಹಾರ್ಡ್‌ವೇರ್ ನಡೆಸುವ ಪ್ರೋಗ್ರಾಮ್‌ಗಳು. ವಿಂಡೋಸ್‌ನಲ್ಲಿ ಇಂಟರಪ್ಟ್ (ಹಾರ್ಡ್‌ವೇರ್ ಸಿಪಿಯುವನ್ನು ಕರೆಯುವ ಸೂಚನೆ) ಬಂದಾಗ ಡ್ರೈವರ್ ತನ್ನ ಬಾಕಿ ಕೆಲಸವನ್ನು ಡಿಪಿಸಿ ಅನ್ನುವ ಸಾಲಿಗೆ ಹಾಕುತ್ತದೆ. ಆ ಸಾಲು ಎಲ್ಲ ಥ್ರೆಡ್‌ಗಳಿಗಿಂತ ಮುಂದೆ. ನಿಮ್ಮ ಆದ್ಯತೆ 31 ಆಗಿದ್ದರೂ ನೀವು ಕಾಯಬೇಕು. ರಿಯಲ್‌ಟೈಮ್ ವರ್ಗ ಅನ್ನುವ ಹೆಸರು ನೋಡಿ ಮೋಸ ಹೋಗಬೇಡಿ. ಅದು ಬರೀ ಥ್ರೆಡ್‌ಗಳ ನಡುವಿನ ಸರದಿ. ವೈಫೈ ಆಫ್ ಮಾಡಿದ ಮೇಲೆ ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ.

ಆಗ ಜೋಶ್ ಬಂದು ಲಿನಕ್ಸ್‌ಗೆ ಹಾರಿದೆವು. ಲಿನಕ್ಸನ್ನು ರಿಯಲ್‌ಟೈಮ್ ಕೆಲಸಕ್ಕೆ ಸಜ್ಜು ಮಾಡುವ ಪ್ರೀಎಂಪ್ಟ್ ಆರ್‌ಟಿ ಆಗ ಪ್ಯಾಚ್ ಆಗಿತ್ತು, ಕರ್ನಲ್‌ಗೆ (ಸಿಸ್ಟಮ್‌ನ ತಿರುಳಿಗೆ) ನಾವೇ ಹಾಕಿಕೊಳ್ಳಬೇಕಿತ್ತು. (2024ರಲ್ಲಿ ಬಂದ 6.12ರಿಂದ ಅದು ಮೂಲ ಕರ್ನಲ್‌ನಲ್ಲೇ ಇದೆ.) ತಡ ಎಷ್ಟು ಅಂತ ಅಳೆಯುವ ಸೈಕ್ಲಿಕ್‌ಟೆಸ್ಟ್ ಓಡಿಸಿದೆ. ಹತ್ತು ನಿಮಿಷದಲ್ಲಿ ಅತಿ ಜಾಸ್ತಿ ತಡ 40 ಮೈಕ್ರೋಸೆಕೆಂಡ್ ಅಂತ ತೋರಿಸಿತು. ನಮಗೆ ಬೇಕಾದ್ದಕ್ಕಿಂತ ಎಷ್ಟೋ ಪಾಲು ಚೆನ್ನ. ಸಾಲದು ಅಂತ ನಾನು ಇನ್ನೊಂದು ಜಾಣತನ ಮಾಡಿದೆ. ನಿದ್ದೆಯೇ ಬೇಡ, ನಾಜಲ್ ಎಲ್ಲಿದೆ ಅಂತ ಬಿಡದೆ ಕೇಳುತ್ತಲೇ ಇರು ಅಂತ ಲೂಪ್ ಬರೆದು, ಲಿನಕ್ಸ್‌ನ ರಿಯಲ್‌ಟೈಮ್ ಸರದಿಯಲ್ಲಿ (ಫೈಫೋ) ಅತಿ ಮೇಲಿನ ಆದ್ಯತೆ, 99, ಕೊಟ್ಟೆ.

ಮೊದಲ ಟ್ರಯಲ್‌ನಲ್ಲೇ 10 ಮಿಲಿಮೀಟರಿನ ಬಾಲ!

ಲೆಕ್ಕ ಹಾಕೋಣ ಅಲ್ವಾ? 10 ಮಿಲಿಮೀಟರ್ ಅಂದರೆ 50 ಮಿಲಿಸೆಕೆಂಡ್. ನಮ್ಮ ಕರ್ನಲ್‌ನಲ್ಲಿ ರಿಯಲ್‌ಟೈಮ್ ಕೆಲಸಗಳಿಗೆ 1 ಸೆಕೆಂಡಿನಲ್ಲಿ 950 ಮಿಲಿಸೆಕೆಂಡ್ ಮಾತ್ರ ಅನ್ನುವ ಡಿಫಾಲ್ಟ್ ಮಿತಿ ಇತ್ತು. ಬಿಡದೆ ಓಡುವ ಲೂಪ್ ಮಿತಿ ಮುಟ್ಟಿದ ಕೂಡಲೇ ಅದನ್ನು ಪಕ್ಕಕ್ಕೆ ಕೂರಿಸಿ, ಉಳಿದ 50ನ್ನು ಬೇರೆಯವರಿಗೆ ಕೊಡುತ್ತದೆ. ಹುಚ್ಚು ಲೂಪೊಂದು ಇಡೀ ಪಿಸಿಯನ್ನು ನುಂಗದಿರಲಿ ಅಂತ ಇಟ್ಟ ಬೇಲಿ ಅದು. ಮಿತಿಯನ್ನು -1 ಮಾಡಿದರೆ ಬೇಲಿ ಹೋಗುತ್ತದೆ ಅಂತ ಹಲವರು ಸಲಹೆ ಕೊಡುತ್ತಾರೆ. ನಾನೂ ಮಾಡಿ ನೋಡಿದೆ. ಒಂದು ಬಗ್ ಬಂತು, ಮೌಸ್ ನಿಂತಿತು, ಕೀಬೋರ್ಡ್ ನಿಂತಿತು, ಪವರ್ ಬಟನ್ ಒತ್ತಿ ಹಿಡಿಯುವುದೊಂದೇ ದಾರಿ. ವಾಲ್ವ್ ತೆರೆದೇ ಇತ್ತು. ಒರೆಸಲು ಅರ್ಧ ದಿನ ಬೇಕಾಯಿತು.

ಲೂಪನ್ನು ಮತ್ತೆ 1 ಮಿಲಿಸೆಕೆಂಡಿನ ನಿದ್ದೆಗೆ ತಂದೆ. ಎಂಲಾಕ್‌ಆಲ್ ಹಾಕಿ ಮೆಮೊರಿ ಆಚೆ ಹೋಗದಂತೆ ಕಟ್ಟಿದೆ. ಲೂಪಿನೊಳಗಿಂದ ಲಾಗ್ ಬರೆಯುವುದನ್ನು ತೆಗೆದೆ. ಡಿಸ್ಕ್ ಬಿಜಿ ಇದ್ದಾಗ ಒಂದು ಸಾಲು ಬರೆಯಲು ಎಷ್ಟು ಹೊತ್ತಾಗುತ್ತದೆ ಅನ್ನುವುದಕ್ಕೆ ಮಿತಿಯೇ ಇಲ್ಲ. ಇಷ್ಟಾದ ಮೇಲೂ ಆಗಾಗ 300 ಮೈಕ್ರೋಸೆಕೆಂಡಿನ ಒಂದು ತೂತು ಕಾಣುತ್ತಿತ್ತು. ಅದು ಎಸ್‌ಎಂಐ. ಮದರ್‌ಬೋರ್ಡಿನ ಫರ್ಮ್‌ವೇರ್ ಆಪರೇಟಿಂಗ್ ಸಿಸ್ಟಮ್‌ಗೆ ಹೇಳದೆ ಕೇಳದೆ ಸಿಪಿಯು ಕಿತ್ತುಕೊಂಡು ತನ್ನ ಕೆಲಸ ಮಾಡಿಕೊಂಡು ವಾಪಸ್ ಕೊಡುತ್ತದೆ. ಬಯೋಸ್‌ನಲ್ಲಿ ಯುಎಸ್‌ಬಿ ಲೆಗಸಿ ಬೆಂಬಲ ಆಫ್ ಮಾಡಿದಾಗ ಬಹುಪಾಲು ಹೋಯಿತು. ನಮ್ಮ ಅಂಟಿಗೆ 300 ಮೈಕ್ರೋಸೆಕೆಂಡ್ ಲೆಕ್ಕಕ್ಕಿಲ್ಲ, 0.06 ಮಿಲಿಮೀಟರ್. ಆದರೆ ಪಿಸಿಯಿಂದಲೇ ಸ್ಟೆಪ್ಪರ್ ಮೋಟರ್‌ಗೆ ಪಲ್ಸ್ ಕಳಿಸುವವರಿಗೆ ಅಷ್ಟರಲ್ಲಿ ಮೋಟರ್ ಹೆಜ್ಜೆ ತಪ್ಪಬಹುದು.

ಡೆಸ್ಕ್‌ಟಾಪ್ ಸಿಸ್ಟಮ್ ಪಕ್ಕದಲ್ಲೇ ಇನ್ನೊಂದು ರಿಯಲ್‌ಟೈಮ್ ಕರ್ನಲ್ ಕೂರಿಸುವ ದಾರಿಯೂ ಇದೆ. ವಿಂಡೋಸ್ ಜೊತೆ ಐಎನ್‌ಟೈಮ್, ಆರ್‌ಟಿಎಕ್ಸ್64, ಟ್ವಿನ್‌ಕ್ಯಾಟ್. ಲಿನಕ್ಸ್ ಜೊತೆ ಝೆನೋಮೈ. ಡೆಸ್ಕ್‌ಟಾಪ್‌ನಿಂದ ಸಿಪಿಯುವಿನ ಒಂದೆರಡು ಕೋರ್ ಬಿಡಿಸಿಕೊಂಡು ಅದರ ಮೇಲೆ ನಿಮ್ಮ ಲೂಪ್ ಓಡಿಸಬಹುದು. ಡಿಪಿಸಿ ತೊಂದರೆಗೆ ಇದು ನಿಜವಾದ ಮದ್ದು. ಆದರೆ ಕೋರ್ ಬೇರೆಯಾದರೂ ಮೆಮೊರಿ ಬಸ್ಸು, ಕೊನೆಯ ಹಂತದ ಕ್ಯಾಶ್ ಎಲ್ಲರಿಗೂ ಒಂದೇ. ಎಸ್‌ಎಂಐ ಬಂದರೆ ಆ ಕೋರ್ ಕೂಡ ನಿಲ್ಲುತ್ತದೆ. ಝೆನೋಮೈಯಲ್ಲಂತೂ ರಿಯಲ್‌ಟೈಮ್ ಥ್ರೆಡ್ ಒಳಗಿಂದ ಮಾಮೂಲಿ ಲಿನಕ್ಸ್ ಸಿಸ್ಟಮ್ ಕಾಲ್ ಒಂದನ್ನು ಕರೆದರೆ ಸಾಕು, ಥ್ರೆಡ್ ಸದ್ದಿಲ್ಲದೆ ಲಿನಕ್ಸ್ ಕಡೆಗೆ ಜಾರುತ್ತದೆ. ಪ್ರೋಗ್ರಾಮ್ ಓಡುತ್ತಲೇ ಇರುತ್ತದೆ, ಗ್ಯಾರಂಟಿ ಮಾತ್ರ ಹೋಗಿರುತ್ತದೆ.

ಈಗಲೂ ಪಿಸಿಯೇ ಬೇಕು ಅನ್ನುವವರಿಗೆ ನನ್ನದೊಂದೇ ಕೋರಿಕೆ. ಸರಾಸರಿ ನೋಡಬೇಡಿ, ಅತಿ ಕೆಟ್ಟ ಒಂದು ಸಂಖ್ಯೆ ನೋಡಿ. ಸುಮ್ಮನೆ ಕೂತ ಪಿಸಿಯ ಮೇಲೆ ಹತ್ತು ನಿಮಿಷ ಅಳೆದದ್ದು ಅಳತೆಯೇ ಅಲ್ಲ. ವಿಡಿಯೋ ಓಡಿಸಿ, ದೊಡ್ಡ ಫೈಲ್ ಕಾಪಿಗೆ ಹಾಕಿ, ನೆಟ್‌ವರ್ಕ್ ಕೇಬಲ್ ಕಿತ್ತು ಸಿಕ್ಕಿಸಿ, ಯುಎಸ್‌ಬಿ ಡ್ರೈವ್ ಚುಚ್ಚಿ, ವಿಂಡೋ ಎಳೆದಾಡಿ, ಮಿನಿಮೈಸ್ ಮಾಡಿ, ಪರದೆ ಆಫ್ ಆಗಲು ಬಿಡಿ. ಹೀಗೆ ರಾತ್ರಿಯಿಡೀ ಓಡಲಿ. ಆಪರೇಟರ್ ಏನೇನು ಮಾಡುತ್ತಾರೆ ಅಂತ ಅವರನ್ನೇ ಒಂದು ಸಲ ಕೇಳಿ. ನಾನು ಕೇಳಿದ್ದರೆ ಮೊದಲ ದಿನವೇ ಪಟ್ಟಿಯ ವಿಷಯ ತಿಳಿಯುತ್ತಿತ್ತು.

ಕೊನೆಗೆ ನಾವು ಮಾಡಿದ್ದು ತೀರಾ ಸಾದಾ ಕೆಲಸ. ನಾಜಲ್ ಇಂಥ ಜಾಗಕ್ಕೆ ಬಂದಾಗ ತಾನೇ ಔಟ್‌ಪುಟ್ ಆನ್ ಮಾಡುವ ಸೌಲಭ್ಯ ಡ್ರೈವ್‌ನಲ್ಲಿ ಮೊದಲಿನಿಂದಲೂ ಇತ್ತು. ಮ್ಯಾನುಯಲ್‌ನಲ್ಲಿ ಎರಡು ಪುಟ. ವಾಲ್ವಿನ ವೈರನ್ನು ಪಿಸಿಯಿಂದ ಬಿಡಿಸಿ ಡ್ರೈವ್‌ಗೆ ಹಾಕಿದೆವು. ಪಿಸಿ ಈಗ ಗೆರೆಯ ಶುರು, ಕೊನೆ ಯಾವುದು ಅಂತ ಮುಂಚೆಯೇ ಹೇಳಿ ಸುಮ್ಮನಾಗುತ್ತದೆ. ಮತ್ತೆ ವಿಂಡೋಸ್‌ಗೇ ಮರಳಿದೆವು, ಪರದೆಯ ಕೆಲಸಕ್ಕೆ ಅದು ಚೆನ್ನಾಗೇ ಇದೆ.

ಮಾನಿಟರಿನ ಚೀಟಿ ಮಾತ್ರ ಈಗಲೂ ಅಲ್ಲೇ ಇದೆಯಂತೆ. ಇನ್ನು ಬೇಕಾಗಿಲ್ಲ, ತೆಗೆಯಿರಿ ಅಂತ ಎರಡು ಸಲ ಫೋನ್ ಮಾಡಿ ಹೇಳಿದೆ. ಯಾರೂ ಕೈ ಹಾಕುತ್ತಿಲ್ಲ.