ಬಿಗಿ ಟ್ರೆಕ್ಕಿಂಗ್ ಬೂಟು: ದಪ್ಪ ಸಾಕ್ಸಾ, ಸ್ಟ್ರೆಚರಾ?

ಕುಮಾರಪರ್ವತ ಹತ್ತಲು ಇನ್ನೂ ಮೂರು ವಾರ ಇದ್ದರೆ ಸಾಕ್ಸ್ ದಾರಿಯೇ ವಾಸಿ. ಪಾದ ಸ್ವಲ್ಪ ಊದಿರುವ ಸಂಜೆ ಹೊತ್ತಲ್ಲಿ ದಪ್ಪ ಉಣ್ಣೆ ಸಾಕ್ಸ್ ಹಾಕಿ, ಬೂಟಿನಲ್ಲೇ ಮನೆಯೊಳಗೆ ಅರ್ಧ ಗಂಟೆ ಓಡಾಡಿ, ದಿನಾ. ಖರ್ಚು ಕಡಿಮೆ, ಬೂಟಿನ ಚರ್ಮ ನಿಮ್ಮ ಪಾದಕ್ಕೇ ಒಗ್ಗುತ್ತದೆ. ಕಿರುಬೆರಳ ಹತ್ತಿರ ಒಂದೇ ಕಡೆ ಒತ್ತುತ್ತಿದ್ದರೆ ಮಾತ್ರ ಸ್ಟ್ರೆಚರ್, ಅಂದರೆ ಬೂಟಿನೊಳಗಿಟ್ಟು ಹಿಗ್ಗಿಸುವ ಮರದ ಅಚ್ಚು. ಅಚ್ಚಿಗೆ ಆ ಜಾಗದಲ್ಲಿ ಗುಬುಟು ಸಿಕ್ಕಿಸಿ, ತಿರುಪನ್ನು ದಿನಕ್ಕೆ ಚೂರೇ ಬಿಗಿ ಮಾಡಬೇಕು, ಅವಸರಪಟ್ಟರೆ ಹೊಲಿಗೆ ಬಿಡುತ್ತದೆ (ನನ್ನದು ಬಿಟ್ಟಿದೆ). ನೀರಿನ ಚೀಲ ತುರುಕಿ ಫ್ರೀಜರ್‌ನಲ್ಲಿಡುವುದು? ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ನಿಜ. ಎಲ್ಲಿ ಹಿಗ್ಗಬೇಕು ಅಂತ ಅದಕ್ಕೆ ಗೊತ್ತಿಲ್ಲ ಅಲ್ವಾ! ಒಳಗೆ ಗೋರ್‌ಟೆಕ್ಸ್ (ನೀರು ತಡೆಯುವ) ಪದರ ಇದ್ದರೆ ಸ್ಟ್ರೆಚರ್ ಜಾಸ್ತಿ ಎಳೆಯಬೇಡಿ, ಪದರ ಹರಿದರೆ ನೀರು ಒಳಗೆ. ಉದ್ದವೇ ಸಾಲದಿದ್ದರೆ ಎರಡೂ ದಂಡ, ಸೈಜ್ ಬದಲಿಸಿ.