ಇಮ್ಯುನಿಟಿ ಡಬಲ್ ಆಗಲಿಲ್ಲ, ಆದರೂ ಈ ಸೈಕಲ್ಲಿಗೆ 4 ಸ್ಟಾರ್

ನಾಲ್ಕು ತಿಂಗಳು ತುಳಿದಾಯಿತು, ಇನ್ನು ಬರೆಯಬಹುದು. ಮನೆಯೊಳಗೆ ಇದ್ದಲ್ಲೇ ಇದ್ದು ತುಳಿಯುವ ಸೈಕಲ್ ಇದು, ಬಿಗಿ ಮಾಡೋಕೆ 8 ಹಂತದ ತಿರುಪು ಇದೆ. ಅಂಗಡಿ ಹುಡುಗ "ಅಂಕಲ್, ದಿನಾ ಅರ್ಧ ಗಂಟೆ ತುಳಿದ್ರೆ ಇಮ್ಯುನಿಟಿ ಡಬಲ್" ಅಂದ. ನಗು ಬಂತು.

ನನಗೆ ಸಿಎಲ್‌ಎಲ್ ಇದೆ, ಅಂದರೆ ಕ್ರಾನಿಕ್ ಲಿಂಫೋಸೈಟಿಕ್ ಲುಕೇಮಿಯಾ. ರಕ್ತದ ಕ್ಯಾನ್ಸರೇ, ಆದರೆ ಆಮೆ ಜಾತಿಯದು. ಮೂರು ವರ್ಷದ ಹಿಂದೆ ಮಂಡಿನೋವಿಗೆ ಅಂತ ಹೋದಾಗ ರಕ್ತಪರೀಕ್ಷೆಯಲ್ಲಿ ಸಿಕ್ಕಿಬಿತ್ತು. ಈಗಲೇ ಔಷಧಿ ಬೇಡ, 3 ತಿಂಗಳಿಗೊಮ್ಮೆ ಬಂದು ತೋರಿಸಿ ಅಂದರು ಡಾಕ್ಟರು. ಕ್ಯಾನ್ಸರ್ ಅಂತಾರೆ, ಮಾತ್ರೆ ಕೊಡಲ್ಲ ಅಂತಾರೆ, ಇವರೆಂಥ ಡಾಕ್ಟರು ಅಂತ ನನ್ನಾಕೆ ಮನೆ ಮುಟ್ಟುವವರೆಗೂ ಗೊಣಗಿದಳು. ಈ ಕಾಯಿಲೆಯಲ್ಲಿ ಬಿಳಿ ರಕ್ತಕಣ ಲೆಕ್ಕಕ್ಕೆ ಜಾಸ್ತಿ, ಕೆಲಸಕ್ಕೆ ಬರುವುದು ಕಡಿಮೆ. ಪ್ರತಿಕಾಯಗಳೂ ಇಳಿಯುತ್ತವೆ, ಲಸಿಕೆ ಹಾಕಿಸಿಕೊಂಡರೂ ಬೇರೆಯವರಿಗೆ ಹಿಡಿದಷ್ಟು ಹಿಡಿಯುವುದಿಲ್ಲ.

ಮೊದಲು ಬಡಾವಣೆಯ ಜಿಮ್ಮಿಗೆ ಸೇರಿದ್ದೆ. ಎಸಿ ರೂಮು, ಎಲ್ಲಾ ಕಿಟಕಿ ಮುಚ್ಚಿದ್ದು, ಪಕ್ಕದ ಟ್ರೆಡ್‌ಮಿಲ್ಲಿನವನು ಕೆಮ್ಮುತ್ತಲೇ ಓಡುತ್ತಿದ್ದ. ಒಂದೂವರೆ ತಿಂಗಳಲ್ಲಿ ಎರಡು ಸಲ ಎದೆ ಕಟ್ಟಿ ಆಂಟಿಬಯೋಟಿಕ್ ನುಂಗಿದೆ. ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ. ಸೈಕಲ್ ತಂದದ್ದು ಅದಕ್ಕೇ.

ಹುಡುಗ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಜೋರಾಗಿ ತುಳಿಯುವಾಗ ಅಡ್ರಿನಲಿನ್ ಏರುತ್ತದೆ. ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ, ಗುಲ್ಮದಲ್ಲಿ (ಸ್ಪ್ಲೀನ್) ಕೂತಿದ್ದ ಎನ್‌ಕೆ, ಅಂದರೆ ನ್ಯಾಚುರಲ್ ಕಿಲ್ಲರ್ ಬಿಳಿಕಣಗಳೆಲ್ಲ ಕೆಲವೇ ನಿಮಿಷದಲ್ಲಿ ರಕ್ತಕ್ಕೆ ಇಳಿಯುತ್ತವೆ. ಕ್ಯಾನ್ಸರ್ ಕಣ, ವೈರಸ್ ಹಿಡಿದ ಕಣಗಳನ್ನು ಕೊಲ್ಲುವ ಜಾತಿ ಇವು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು ಸಿಎಲ್‌ಎಲ್ ಇರುವವರನ್ನೇ 30 ನಿಮಿಷ ಸೈಕಲ್ ತುಳಿಸಿ ನೋಡಿದರು. ತುಳಿದ ತಕ್ಷಣ ತೆಗೆದ ರಕ್ತದಲ್ಲಿ, ಕ್ಯಾನ್ಸರ್ ಕಣಕ್ಕೆ ಅಂಟಿ ಎನ್‌ಕೆ ಕಣಗಳಿಗೆ ಗುರುತು ತೋರಿಸುವ ರಿಟುಕ್ಸಿಮ್ಯಾಬ್ ಔಷಧಿ ಹೆಚ್ಚು ಕ್ಯಾನ್ಸರ್ ಕಣ ಕೊಂದಿತು, ಆದರೆ ಅದು ಲ್ಯಾಬಿನ ಟ್ಯೂಬಿನೊಳಗೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಸಿಎಲ್‌ಎಲ್ ಇರುವವರಿಗೇ 12 ವಾರದ ವ್ಯಾಯಾಮದ ನಂತರ ಎನ್‌ಕೆ ಕಣಗಳ ಕೆಲಸ ಸುಧಾರಿಸಿತು. ಅಲ್ಲಿದ್ದದ್ದು ಬೆರಳೆಣಿಕೆಯ ಜನ. ಇಷ್ಟರ ಮೇಲೆ ಡಬಲ್ ಅನ್ನೋಕಾಗುತ್ತಾ? ತುಳಿಯೋದು ನಿಲ್ಲಿಸಿ ಒಂದು ಗಂಟೆ ಕಳೆದರೆ ಆ ಕಣಗಳಲ್ಲಿ ಹೆಚ್ಚಿನವು ರಕ್ತದಿಂದ ಮತ್ತೆ ಮರೆಯಾಗಿರುತ್ತವೆ.

ಇದರಿಂದ ನನಗೊಂದು ಪಜೀತಿಯೂ ಆಯಿತು. ರಕ್ತ ತೆಗೆಯಲು ಮನೆಗೆ ಬರುವ ಲ್ಯಾಬಿನ ಹುಡುಗ ಒಂದು ದಿನ ಬೇಗ ಬಂದ. ನಾನಿನ್ನೂ ಸೈಕಲ್ ಮೇಲೆ, ಬೆವರು ಒರೆಸಿಕೊಂಡು ಅಲ್ಲೇ ಕೈ ಚಾಚಿದೆ. ಸಂಜೆ ರಿಪೋರ್ಟ್ ನೋಡಿದರೆ ಹಿಂದಿನ ಸಲ 38,000 ಇದ್ದ ಬಿಳಿಕಣ 51,000! ರಾತ್ರಿ ನಿದ್ದೆ ಇಲ್ಲ. ಡಾಕ್ಟರು "ರಕ್ತ ಕೊಡೋ ಮುಂಚೆ ಏನು ಮಾಡ್ತಿದ್ರಿ?" ಅಂತ ಕೇಳಿ ನಕ್ಕುಬಿಟ್ಟರು. ತುಳಿದಾಗ ಕ್ಯಾನ್ಸರ್ ಕಣಗಳೂ ಹೊರಗೆ ಬರುತ್ತವಂತೆ. ಮುಂದಿನ ವಾರ ಸುಮ್ನೆ ಕೂತು ಕೊಟ್ಟೆ, 39,000.

ಇನ್ನು ಸೈಕಲ್ ವಿಚಾರ. ಸದ್ದಿಲ್ಲ, ಪಕ್ಕದಲ್ಲೇ ಟಿವಿ ನೋಡಬಹುದು. ಬಿಗಿ 3ರಲ್ಲಿ ಶುರು ಮಾಡಿದವನು ಈಗ 5ಕ್ಕೆ ಬಂದಿದ್ದೇನೆ, ಮಧ್ಯಾಹ್ನದ ಆ ಹಾಳು ಸುಸ್ತು ಕಡಿಮೆಯಾಗಿದೆ, ಮೂರನೇ ಮಹಡಿಗೆ ನಿಲ್ಲದೆ ಹತ್ತುತ್ತೇನೆ. ಕ್ಯಾಲೊರಿ ತೋರಿಸುವ ಪರದೆಯನ್ನು ಮಾತ್ರ ನಂಬಬೇಡಿ, ನನಗೂ ನನ್ನ ಮೊಮ್ಮಗನಿಗೂ ಒಂದೇ ಲೆಕ್ಕ ಕೊಡುತ್ತದೆ. ಎರಡನೇ ತಿಂಗಳಿಗೆ ಪೆಡಲ್ ಸಡಿಲವಾಯಿತು, ಮೂರು ಸಲ ಫೋನ್ ಮಾಡಿದ ಮೇಲೆ ಸರ್ವಿಸ್‌ನವರು ಬಂದರು. ಸೀಟಂತೂ ಕಲ್ಲು. ನನ್ನಾಕೆ ಹಳೇ ದಿಂಬಿನ ಹತ್ತಿ ತುಂಬಿ ಗವಸು ಹೊಲಿದುಕೊಟ್ಟಳು. ಹ್ಯಾಂಡಲ್ ಮೇಲೆ ಟವೆಲ್ ಒಣಗಿಸುವವಳೂ ಅವಳೇ. ಒಂದು ಸ್ಟಾರ್ ಕಳೆದದ್ದು ಆ ಸೀಟಿಗೆ.

ನನ್ನಂಥ ಕಾಯಿಲೆ ಇರುವವರು ಗುಲ್ಮ ಊದಿದ್ದರೆ, ಪ್ಲೇಟ್‌ಲೆಟ್ ಅಥವಾ ಹಿಮೋಗ್ಲೋಬಿನ್ ಇಳಿದಿದ್ದರೆ ಮೊದಲು ಡಾಕ್ಟರನ್ನು ಕೇಳಿ. ಜ್ವರ 100.4 ಮುಟ್ಟಿದ ದಿನ ಸೈಕಲ್ ಬೇಡ, ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಹತ್ತು ನಿಮಿಷ ಕೂತು ತುಳಿಯಿರಿ. ಹುಡುಗ ಗಡಿಯಾರ ನೋಡಿದರೆ ನೋಡಲಿ.