ಬೆಂಗಳೂರಿನ ಒಣ ಕಸ ಸಂಗ್ರಹ ಕೇಂದ್ರಗಳು: ಕೆಲಸ ಅಚ್ಚುಕಟ್ಟು, ಲೆಕ್ಕ ಬಿಗಿ

ಅಂಕ: 5ಕ್ಕೆ 4. ಕಡಿಮೆಯಾದ ಒಂದರಲ್ಲಿ ಅರ್ಧದ ಹೊಣೆ ಮನೆಗಳವರದೇ.

ಮನೆಗಳ ಒಣ ಕಸವನ್ನು ವಿಂಗಡಿಸಿ ಮಾರುವ ಈ ಕೇಂದ್ರಗಳಲ್ಲಿ ಹಲವನ್ನು ನಡೆಸುವವರು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರು. 2011ರಿಂದ ಆಗಿನ ನಗರ ಪಾಲಿಕೆ ಬಿಬಿಎಂಪಿ ಇವರಿಗೆ ಗುರುತಿನ ಚೀಟಿ ಕೊಟ್ಟಿತು. ಹಸಿರು ದಳದಂಥ ಸಂಸ್ಥೆಗಳು ಬೆನ್ನಿಗೆ ನಿಂತವು. ವಿಂಗಡಣೆಯಲ್ಲಿ ಇವರನ್ನು ಮೀರಿಸುವವರಿಲ್ಲ. ಬಣ್ಣವಿಲ್ಲದ ನೀರಿನ ಬಾಟಲಿ, ಬಣ್ಣದ ಬಾಟಲಿ, ಶಾಂಪೂ ಡಬ್ಬಿ, ಹಾಲಿನ ಕವರ್, ರಟ್ಟು, ಬಿಳಿ ಹಾಳೆ: ಒಂದೊಂದಕ್ಕೂ ಬೇರೆ ಚೀಲ, ಬೇರೆ ದರ. ಯಾವ ಪ್ಲಾಸ್ಟಿಕ್ ಎಂಬುದನ್ನು ಹಿಸುಕಿ, ಸದ್ದು ಕೇಳಿಯೇ ಹೇಳಿಬಿಡುತ್ತಾರೆ. ಬೆರಕೆಯಾದರೆ ಇಡೀ ಚೀಲಕ್ಕೆ ಕೆಳದರ್ಜೆಯ ಬೆಲೆ.

ತೊಂದರೆ ಇರುವುದು ಹಣದ ಲೆಕ್ಕದಲ್ಲಿ. ಪೇಪರ್, ರಟ್ಟು, ಕಬ್ಬಿಣವನ್ನು ನಾವು ಗುಜರಿಗೆ ಮಾರುತ್ತೇವೆ. ಕೇಂದ್ರಕ್ಕೆ ಹೋಗುವುದು ಚಿಪ್ಸ್ ಪ್ಯಾಕೆಟ್, ಥರ್ಮೋಕೋಲ್, ಹರಿದ ಚಪ್ಪಲಿ. ಒಳಗೆ ಹೊಳೆಯುವ ಪದರವಿರುವ ಪ್ಯಾಕೆಟ್ಟನ್ನು ಕೊಳ್ಳುವವರು ಅಪರೂಪ. ಒತ್ತಿ ಕಟ್ಟಿ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಕಳಿಸಬೇಕು, ಸಾಗಣೆಗೆ ಖರ್ಚು ಬೇರೆ. ಹಗುರ ಸಾಮಾನು ಜಾಗ ತಿನ್ನುತ್ತದೆ. ಮಳೆಗಾಲದಲ್ಲಿ ಶೆಡ್ ಸೋರಿ ರಟ್ಟು ನೆಂದರಂತೂ ತೂಕ ಹೆಚ್ಚಿ ಬೆಲೆ ಇಳಿಯುತ್ತದೆ. ಉಳಿದರ್ಧ ಅಂಕ ಕಳೆದದ್ದು ಈ ಜಾಗದ ಕೊರತೆಗೆ. ಅದನ್ನು ಸರಿಪಡಿಸಬೇಕಾದದ್ದು ಪಾಲಿಕೆ.

ನಿಮ್ಮ ಕಡೆಯಿಂದ: ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಆ ಚೂರು ಯಾರ ಕೈಗೂ ಸಿಗದೆ ಮೋರಿ ಸೇರುತ್ತದೆ. ಕವರನ್ನು ಪಾತ್ರೆ ತೊಳೆದ ನೀರಲ್ಲೇ ಅಲುಗಿಸಿ ಒಣಗಿಸಿದರೆ ಸಾಕು, ಸೋಪು ಬೇಡ. ತೊಳೆಯದಿದ್ದರೆ ಎರಡೇ ದಿನಕ್ಕೆ ನಾತ, ಹುಳ. ಊಟ ಅಂಟಿದ ಪಾರ್ಸೆಲ್ ಡಬ್ಬಿಗೂ ಇದೇ ಉಪಚಾರ. ಒಡೆದ ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ, ಮೇಲೆ 'ಗಾಜು' ಎಂದು ಬರೆದು, ಗಾಡಿಯವರ ಕೈಗೇ ಕೊಡಿ. ಪ್ಯಾಡು, ಡಯಾಪರ್ ಸುತ್ತಿದ ಪೇಪರಿನ ಮೇಲೆ ಕೆಂಪು ಗುರುತು ಹಾಕಿ ಬೇರೆ ಬುಟ್ಟಿಗೆ ಹಾಕಿ. ಅದು ಒಣ ಕಸವಲ್ಲ. ಪೇಪರ್ ಲೋಟವೂ ಒಳಗಿನ ಪ್ಲಾಸ್ಟಿಕ್ ಪದರದಿಂದಾಗಿ ಪೇಪರ್ ರಾಶಿಗೆ ಸೇರದು.

ಗುಜರಿಗೆ ಹಾಕುವ ಪೇಪರಿನಲ್ಲಿ ಅರ್ಧವನ್ನಾದರೂ ಒಣ ಕಸದ ಚೀಲಕ್ಕೆ ಸೇರಿಸಿ. ಚಿಪ್ಸ್ ಪ್ಯಾಕೆಟ್ಟಿನ ಸಾಗಣೆ ಖರ್ಚನ್ನು ಕೇಂದ್ರದವರು ತುಂಬಿಕೊಳ್ಳುವುದು ಆ ಪೇಪರ್ ಮಾರಿದ ಹಣದಿಂದಲೇ.